ಕಾಕಾ ಕೊಟ್ಟ ಆರನೇ ನಂಬರು

ಕಳೆದ ತಿಂಗಳು ಪುಣೆಯಿಂದ ಓದುಗರೊಬ್ಬರು ಮೇಲ್ ಮಾಡಿದ್ದರು. ‘ನನಗೀಗ 58. ಇಪ್ಪತ್ತು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ. ಇನ್ನೇನು ನಿವೃತ್ತಿ ಹತ್ತಿರ ಬಂತು. ಹಳೆಯ ಸೆಟ್ ಬಿಟ್ಟು ಒಂದು ಒಳ್ಳೆಯ ಹೊಸ ಸೆಟ್ ತೆಗೆದುಕೊಳ್ಳೋಣ ಅಂತಿದ್ದೇನೆ. ಯಾವ ಕಂಪನಿಯದು ತಗೊಳ್ಳಲಿ? ಒಂದೇ ಸಾಲಿನಲ್ಲಿ ಹೇಳಿ, ಸಾಕು.’

ಒಂದೇ ಸಾಲಿನ ಉತ್ತರ ನನ್ನ ಹತ್ತಿರ ಇದೆ. ಆದರೆ ಆ ಸಾಲು ಅರ್ಥವಾಗಬೇಕಾದರೆ ನನಗೇ ಆದ ಒಂದು ಮುಖಭಂಗದ ಕಥೆಯನ್ನು ಮೊದಲು ಹೇಳಬೇಕು.

ಗಾಲ್ಫ್ ವಿಷಯ ಬರೆದಾಗಲೆಲ್ಲ ‘ಶ್ರೀಮಂತರ ಆಟ ನಮಗ್ಯಾಕೆ ಸ್ವಾಮಿ’ ಎಂದು ಇಬ್ಬರು ಮೂವರು ಓದುಗರು ಕೇಳುತ್ತಾರೆ. ಅವರಿಗೂ ಒಂದು ಮಾತು. ನಾನು ಹಾಸನ ಕಡೆಯ ಹಳ್ಳಿಯಲ್ಲಿ ಚಿನ್ನಿದಾಂಡು ಆಡಿ ಬೆಳೆದವನು. 1994ರಲ್ಲಿ ನಾನು ಕೆಲಸಕ್ಕಿದ್ದ ಕಂಪನಿ ಮುಂಬಯಿಯಲ್ಲಿ ಅಧಿಕಾರಿಗಳಿಗೆಂದು ಗಾಲ್ಫ್ ಮೈದಾನದ ಸದಸ್ಯತ್ವ ಕೊಡಿಸಿತು. ಬೇರೆಯವರು ಈಜುಕೊಳಕ್ಕೆ ಹೋದರು, ನಾನು ಹುಲ್ಲಿಗೆ ಇಳಿದೆ. ಹಳ್ಳಿಯಲ್ಲಿ ದಾಂಡು ಒಂದೇ ಇತ್ತು, ಇಲ್ಲಿ ಹದಿನಾಲ್ಕು. ನನ್ನ ಮನೆಯವಳು ಇವತ್ತಿಗೂ ಅದನ್ನು ‘ನಿಮ್ಮ ಕೋಲುಗಳು’ ಎಂದೇ ಕರೆಯುವುದು. ‘ಒಂದು ಚೆಂಡಿಗೆ ಹದಿನಾಲ್ಕು ಕೋಲು ಬೇಕಾ?’ ಎಂದು ಅವಳು ಕೇಳಿದ್ದಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಹದಿನಾಲ್ಕು ಎನ್ನುವುದು ಕಡ್ಡಾಯವಲ್ಲ, ಗರಿಷ್ಠ ಮಿತಿ. ಒಂದು ಕಾಲದಲ್ಲಿ ಕೆಲವರು ಇಪ್ಪತ್ತಕ್ಕಿಂತ ಹೆಚ್ಚು ಕ್ಲಬ್ಬು ತುಂಬಿಸಿ ಕ್ಯಾಡಿಯ ಬೆನ್ನಿಗೆ ಹೊರಿಸುತ್ತಿದ್ದರು. ಹದಿನಾಲ್ಕೇ ಸಾಕು ಎಂಬ ನಿಯಮ ಅಮೆರಿಕದಲ್ಲಿ 1938ರಲ್ಲಿ ಬಂತು, ಮರುವರ್ಷ ಬ್ರಿಟನ್ನಿನಲ್ಲೂ ಬಂತು.

ನನ್ನ ಐರನ್ ಸೆಟ್ ಕೊಂಡದ್ದು 1996ರಲ್ಲಿ, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಂದ, ಸೆಕೆಂಡ್ ಹ್ಯಾಂಡ್. ಆಗೆಲ್ಲ ನಮ್ಮಲ್ಲಿ ಒಳ್ಳೆಯ ಸೆಟ್ ಎಂದರೆ ಹೊರದೇಶಕ್ಕೆ ಹೋಗಿ ಬರುವವರ ಸೂಟ್‌ಕೇಸಿನಲ್ಲೇ ಬರಬೇಕಿತ್ತು. ಕಾಯಿಸಿ ಬಡಿದು ಮಾಡಿದ ಬ್ಲೇಡ್‌ಗಳು. ಹಿಂಬದಿ ನುಣ್ಣಗೆ, ಚಾಕುವಿನಂತೆ ತೆಳ್ಳಗೆ. ಸರಿಯಾಗಿ ಬಿದ್ದಾಗ ಬೆಣ್ಣೆ ಮುಟ್ಟಿದ ಹಾಗೆ, ಒಂದು ಬೆರಳು ಆಚೀಚೆಯಾದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. 38ನೇ ವಯಸ್ಸಿನಲ್ಲಿ ಆ ಸೆಟ್ಟಿನ ಏಳನೇ ನಂಬರಿನಿಂದ 150 ಗಜ ಹೊಡೆಯುತ್ತಿದ್ದೆ. ವಯಸ್ಸಾದಂತೆ ಅದು 135ಕ್ಕೆ ಇಳಿದಿದೆ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ‘63ರಲ್ಲೂ ಏಳರಲ್ಲಿ 135! ಪರವಾಗಿಲ್ಲ’ ಎಂದು ಆಟ ಮುಗಿಸಿ ಚಹಾ ಕುಡಿಯುವಾಗ ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

ನನ್ನ ಕ್ಯಾಡಿಗೆ ನನಗಿಂತ ಐದಾರು ವರ್ಷ ಹೆಚ್ಚು. ಕೊಂಕಣದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ್ ಎನ್ನುತ್ತಾರೆ. ಹದಿನೆಂಟು ವರ್ಷದಿಂದ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮಿಬ್ಬರ ಭೇಟಿ ತಪ್ಪಿದ್ದು ಕಡಿಮೆ.

ನಮ್ಮ ಮೈದಾನದಲ್ಲಿ ಒಂದು ಪಾರ್ ತ್ರೀ ಇದೆ. ಟೀಯಿಂದ ಗ್ರೀನಿನ ಮಧ್ಯಕ್ಕೆ 135 ಗಜ, ಗ್ರೀನಿನ ಮುಂದೆ ಅಗಲವಾದ ಮರಳಿನ ಬಂಕರ್. ಅಲ್ಲಿ ನಿಂತು ಕೈ ಚಾಚಿ ‘ಸಾತ್’ ಎನ್ನುತ್ತೇನೆ, ಕಾಕಾ ಕ್ಲಬ್ಬು ಕೈಗಿಡುತ್ತಾರೆ, ಚೆಂಡು ಗ್ರೀನಿಗೆ ಹೋಗಿ ಕೂರುತ್ತದೆ. ವರ್ಷಗಟ್ಟಲೆ ಇದೇ ನಡೆದಿತ್ತು.

ಎರಡು ವರ್ಷದ ಹಿಂದೆ ಗಣಪತಿ ಹಬ್ಬಕ್ಕೆ ಕಾಕಾ ಊರಿಗೆ ಹೋದರು. ಆ ಭಾನುವಾರ ಬಂದವನು ಇಪ್ಪತ್ತರ ಹುಡುಗ. ಅದೇ ಪಾರ್ ತ್ರೀ. ‘ಸಾತ್’ ಎಂದೆ, ಕೊಟ್ಟ. ಚೆನ್ನಾಗಿಯೇ ಹೊಡೆದೆ. ಚೆಂಡು ಬಂಕರಿನ ನಡುಮಧ್ಯೆ ಬಿತ್ತು. ಗಾಳಿ ಇರಬೇಕು ಎಂದುಕೊಂಡೆ. ಮುಂದಿನ ಹೋಲ್‌ಗಳಲ್ಲೂ ಅದೇ ಕಥೆ. ಪ್ರತಿ ಸಲವೂ ಹತ್ತು ಹನ್ನೆರಡು ಗಜ ಹಿಂದೆ. ಹುಡುಗನ ಮೇಲೆ ರೇಗಿದೆ. ‘ಸರಿಯಾಗಿ ನೋಡಿ ಕೊಡಪ್ಪಾ!’ ಅವನು ಕ್ಲಬ್ಬಿನ ತಳ ತಿರುಗಿಸಿ ನನ್ನ ಮುಖದ ಹತ್ತಿರ ಹಿಡಿದ. ಸವೆದು ಹೋಗಿದ್ದ ಅಂಕಿಯನ್ನು ಕಣ್ಣು ಕಿರಿದು ಮಾಡಿ ಓದಿದೆ. ಏಳೇ ಇತ್ತು.

ನಿಮಗೊಂದು ಗುಟ್ಟು ಹೇಳಬೇಕು. ನನಗೆ ಓದಲು ಕನ್ನಡಕ ಬೇಕು. ಆಡುವಾಗ ಅದು ಲಾಕರಿನಲ್ಲಿರುತ್ತದೆ. ಗಟ್ಟಿ ನೆಲಕ್ಕೂ ರೇಂಜಿನ ಚಾಪೆಗೂ ಉಜ್ಜಿ ಉಜ್ಜಿ ಆ ಸೆಟ್ಟಿನ ಆರು ಯಾವುದು, ಏಳು ಯಾವುದು ಎನ್ನುವುದು ಕನ್ನಡಕವಿಲ್ಲದೆ ಗೊತ್ತಾಗುವುದಿಲ್ಲ. ಉದ್ದದಲ್ಲಿ ಅರ್ಧ ಇಂಚಿನ ವ್ಯತ್ಯಾಸ. ಕೈಗೆ ಬಂದದ್ದನ್ನು ಹಿಡಿದು ಹೊಡೆಯುತ್ತಿದ್ದೆ.

ಕಾಕಾ ಊರಿನಿಂದ ಬಂದ ಮೇಲೆ ಮೊದಲ ಭಾನುವಾರ ಆ ಪಾರ್ ತ್ರೀಯಲ್ಲಿ ‘ಸಾತ್’ ಎಂದೆ. ಕೊಟ್ಟರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ತಳ ನೋಡಿದೆ. ಆರು.

ಕಾಕಾ ನೆಲ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ‘ಮೂರು ವರ್ಷ ಆಯಿತು ಸಾಹೇಬ್. ನಿಮಗೆ ಕಾಯಿಲೆಯಾಗಿ ಎದ್ದು ಬಂದಿರಲ್ಲ, ಆವತ್ತಿನಿಂದ. ಏಳು ಕೊಟ್ಟರೆ ಚೆಂಡು ಮುಂದೆ ಬೀಳುತ್ತಿತ್ತು. ನೀವು ಜೋರು ಮಾಡಿ ಹೊಡೆಯಲು ಹೋಗುತ್ತಿದ್ದಿರಿ, ಸೊಂಟ ಹಿಡಿದುಕೊಳ್ಳುತ್ತಿದ್ದಿರಿ. ಆರು ಕೊಟ್ಟೆ. ನೀವು ನಿಧಾನವಾಗಿ ಹೊಡೆದಿರಿ, ಹೋಯಿತು. ಹೇಳಿದ್ದರೆ ನೀವು ತೆಗೆದುಕೊಳ್ಳುತ್ತಿರಲಿಲ್ಲ.’

ನಿಜ. ತೆಗೆದುಕೊಳ್ಳುತ್ತಿರಲಿಲ್ಲ.

ಆವತ್ತು ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ನಾಚಿಕೆ ಒಂದು ಕಡೆ. ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಆ ಮೂರು ವರ್ಷದಲ್ಲಿ ನಾನು ಎರಡು ಡ್ರೈವರ್, ಒಂದು ತ್ರೀ ವುಡ್, ಒಂದು ಪಟರ್ ಕೊಂಡಿದ್ದೆ. ಅಂಗಡಿಯವರು ‘ಸರ್, ನಿಮ್ಮ ಸ್ವಿಂಗ್ ಸ್ಟ್ರಾಂಗ್ ಇದೆ’ ಎಂದಾಗ ಉಬ್ಬಿ ಹೋಗಿ ಒಂಬತ್ತು ಡಿಗ್ರಿಯ, ಸ್ಟಿಫ್ ಶಾಫ್ಟಿನ ಡ್ರೈವರ್ ತಂದಿದ್ದೆ. ಅದರಲ್ಲಿ ಚೆಂಡು ನೆಟ್ಟಗೆ ಮೇಲೆದ್ದದ್ದೇ ಅಪರೂಪ. ಎಲ್ಲವನ್ನೂ ಕೊಂಡದ್ದು 135 ಗಜ ಹೊಡೆಯುವ ಒಬ್ಬ ಮನುಷ್ಯನಿಗಾಗಿ. ಆ ಮನುಷ್ಯ ಇರಲೇ ಇಲ್ಲ.

ಆ ವಾರವೇ ಫಿಟ್ಟಿಂಗ್‌ಗೆ ಹೋದೆ. ಚೆಂಡಿನ ವೇಗ, ಕೋನ, ತಿರುಗುವಿಕೆ ಅಳೆಯುವ ಲಾಂಚ್ ಮಾನಿಟರ್ ಈಗ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತದೆ. ಮೊದಲು ನನ್ನ ಹಳೆಯ ಕ್ಲಬ್ಬುಗಳಲ್ಲೇ ಹೊಡೆಸಿದರು. ಏಳನೇ ನಂಬರ್: ಗಾಳಿಯಲ್ಲಿ ಹೋದದ್ದು ಸರಾಸರಿ 122 ಗಜ. ಆರನೇ ನಂಬರ್: 133. ಡ್ರೈವರ್ ಬೀಸುವ ವೇಗ ಗಂಟೆಗೆ 82 ಮೈಲಿ. ಯಂತ್ರಕ್ಕೆ ಸಾಹೇಬರ ಮರ್ಯಾದೆಯ ಚಿಂತೆ ಇಲ್ಲ, ಇದ್ದದ್ದನ್ನು ಹೇಳಿತು. ಕಾಕಾ ಬರಿಗಣ್ಣಿನಲ್ಲಿ ಮೂರು ವರ್ಷದ ಹಿಂದೆಯೇ ಅಳೆದಿದ್ದ ಅಂಕಿ ಅದು.

ಆಮೇಲೆ ಹೊಸ ಐರನ್ ಒಂದನ್ನು ಕೈಗೆ ಕೊಟ್ಟರು. ತಳದಲ್ಲಿ ದೊಡ್ಡದಾಗಿ ‘7’ ಎಂದು ಬರೆದಿತ್ತು. ಹೊಡೆದೆ. 134 ಗಜ! ಮೈ ಜುಮ್ಮೆಂದಿತು. ನೋಡಿ, ಏಳರಲ್ಲಿ 134. ಹೋದ ಯೌವನ ಹಿಂದೆ ಬಂತು ಎಂದು ಪರ್ಸಿಗೆ ಕೈ ಹಾಕಿದೆ.

ಅಷ್ಟರಲ್ಲಿ ಒಂದು ಪ್ರಶ್ನೆ ಹೊಳೆಯಿತು. ‘ಇದರ ಲಾಫ್ಟ್ ಎಷ್ಟು?’ ಎಂದೆ. ಲಾಫ್ಟ್ ಎಂದರೆ ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎನ್ನುವ ಕೋನ. ಕೋನ ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ, ದೂರ ಹೋಗುತ್ತದೆ. ಫಿಟ್ಟರ್ ಹುಡುಗ ಪಟ್ಟಿ ನೋಡಿ ಹೇಳಿದ, ‘30 ಡಿಗ್ರಿ ಸರ್.’ ನನ್ನ ಹಳೆಯ ಬ್ಲೇಡುಗಳನ್ನು ಅಳೆಸಿದೆ. ಏಳನೇ ನಂಬರ್ 36 ಡಿಗ್ರಿ. ಆರನೇ ನಂಬರ್ 32.

ಅಂದರೆ ಇವತ್ತಿನ ಏಳು, ನನ್ನ ಹಳೆಯ ಆರಕ್ಕಿಂತಲೂ ನೆಟ್ಟಗಿದೆ! ಕಂಪನಿಗಳು ನನಗೆ ಮಾಡುತ್ತಿದ್ದದ್ದು ಕಾಕಾ ಮಾಡಿದ್ದನ್ನೇ. ಆರನ್ನು ಕೈಗಿಟ್ಟು ‘ಏಳು’ ಎನ್ನುವುದು. ವ್ಯತ್ಯಾಸ ಇಷ್ಟೇ. ಕಾಕಾ ಅದನ್ನು ನನ್ನ ಸೊಂಟದ ಮೇಲಿನ ಕರುಣೆಯಿಂದ, ಪುಕ್ಕಟೆ ಮಾಡಿದರು. ಇವರು ಲಕ್ಷ ರೂಪಾಯಿ ಕೇಳುತ್ತಾರೆ.

ಕಂಪನಿಗಳ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ. ಹೊಸ ಐರನ್ನಿನ ಭಾರವೆಲ್ಲ ಕೆಳಗೆ ಮತ್ತು ಅಂಚಿನಲ್ಲಿರುತ್ತದೆ, ಮುಖ ತೆಳುವಾಗಿರುತ್ತದೆ. ಹಾಗಾಗಿ ಚೆಂಡು ಸುಲಭವಾಗಿ ಮೇಲೇಳುತ್ತದೆ. ಹಳೆಯ ಲಾಫ್ಟನ್ನೇ ಇಟ್ಟರೆ ಗಾಳಿಪಟದ ಹಾಗೆ ಆಕಾಶಕ್ಕೆ ಹೋದೀತು, ಅದಕ್ಕೇ ಕೋನ ಇಳಿಸಿದರು. ಇದರಲ್ಲಿ ನಿಜವಾದ ಎಂಜಿನಿಯರಿಂಗ್ ಇದೆ. ಆದರೆ ‘ಏಳರಲ್ಲಿ ಎಷ್ಟು ಗಜ’ ಎಂಬ ನಮ್ಮ ಜಂಬವನ್ನು ಮಾರಿ ದುಡ್ಡು ಮಾಡುವ ಲೆಕ್ಕವೂ ಇದೆ. ಆದ್ದರಿಂದ ಮೊದಲ ಪಾಠ ಇದು. ಅಂಗಡಿಯಲ್ಲಿ ನಂಬರ್ ನೋಡಬೇಡಿ, ಲಾಫ್ಟ್ ಕೇಳಿ. ಹಳೆಯದರ ಜೊತೆ ಹೊಸದನ್ನು ಹೋಲಿಸುವಾಗ ಡಿಗ್ರಿಗೆ ಡಿಗ್ರಿ ಹೋಲಿಸಿ. ಹಾಗೆ ಹೋಲಿಸಿದ ಮೇಲೂ ಹೊಸದರಲ್ಲಿ ಚೆಂಡು ಎತ್ತರ ಹೋಗಿ, ಗ್ರೀನಿನ ಮೇಲೆ ಓಡದೆ ನಿಂತರೆ ಮಾತ್ರ ಅದು ನಿಮಗೆ ಕೆಲಸಕ್ಕೆ ಬಂದ ಹಾಗೆ.

ಇದರ ಇನ್ನೊಂದು ತೊಡಕು ಸೆಟ್ಟಿನ ಕೆಳತುದಿಯಲ್ಲಿ ಕಾಣುತ್ತದೆ. ನನ್ನ ಹಳೆಯ ಪಿಚಿಂಗ್ ವೆಜ್ 48 ಡಿಗ್ರಿ ಇತ್ತು. ಹೊಸ ಸೆಟ್ಟಿನದು 44. ಅದರ ನಂತರ ನನ್ನ ಹತ್ತಿರ ಇದ್ದದ್ದು ನೇರ 56ರ ಸ್ಯಾಂಡ್ ವೆಜ್. ಮಧ್ಯೆ ಹನ್ನೆರಡು ಡಿಗ್ರಿ ಖಾಲಿ. 75 ಗಜ ಹೊಡೆಯಬೇಕಾದರೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. 50ರ ಒಂದು ವೆಜ್ ಬೇಕೇ ಆಯಿತು. ಹೊಸ ಐರನ್ ಕೊಳ್ಳುವವರು ಈ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಈಗ ಪುಣೆಯ ಮಿತ್ರರ ಬ್ಯಾಗಿಗೆ ಬರೋಣ.

ಐರನ್ ವಿಷಯದಲ್ಲಿ ನಮ್ಮಂಥವರಿಗೆ ಬ್ಲೇಡ್ ಸಾಕು, ಬಿಟ್ಟುಬಿಡಿ. ಹಿಂಬದಿ ತೋಡಿ ಭಾರವನ್ನು ಅಂಚಿಗೆ ಹಂಚಿದ ಕ್ಯಾವಿಟಿ ಬ್ಯಾಕ್ ತೆಗೆದುಕೊಳ್ಳಿ. ದೊಂಬರಾಟದವರು ಹಗ್ಗದ ಮೇಲೆ ನಡೆಯುವಾಗ ಉದ್ದನೆಯ ಬಿದಿರು ಯಾಕೆ ಹಿಡಿಯುತ್ತಾರೆ? ಭಾರ ದೂರ ದೂರ ಇದ್ದಷ್ಟೂ ಬೇಗ ವಾಲುವುದಿಲ್ಲ. ಕ್ಲಬ್ಬಿನ ತಲೆಗೂ ಅದೇ ಸೂತ್ರ. ಚೆಂಡು ನಡುವಿಗೆ ಬೀಳದೆ ತುದಿಗೆ ಬಿದ್ದರೂ ಮುಖ ಹೆಚ್ಚು ತಿರುಗುವುದಿಲ್ಲ. ಇದನ್ನು ಜನಪ್ರಿಯ ಮಾಡಿದವರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಎಂಜಿನಿಯರ್. ತಮ್ಮ ಪಟ್ಟಿಂಗ್ ಸುಧಾರಿಸುತ್ತಿಲ್ಲ ಎಂದು 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಒಂದು ಪಟರ್ ಮಾಡಿದರು. ಚೆಂಡಿಗೆ ತಾಗಿದಾಗ ‘ಪಿಂಗ್’ ಎಂದು ಸದ್ದು ಮಾಡಿತು, ಕಂಪನಿಯ ಹೆಸರೂ ಅದೇ ಆಯಿತು. ಕೈ ಬದಲು ಸಾಧನ ತಪ್ಪಿರಬಹುದು ಎಂದು ಯೋಚಿಸಿದ ಮನುಷ್ಯ. ನಾವು ಉಲ್ಟಾ ಮಾಡುತ್ತೇವೆ. ಕೈಯೂ ಸರಿ ಇದೆ, ಸಾಧನವೂ ಸರಿ ಇದೆ, ಗಾಳಿ ತಪ್ಪು ಎನ್ನುತ್ತೇವೆ!

ಮೂರು, ನಾಲ್ಕನೇ ಐರನ್ ನಿಮ್ಮ ಬ್ಯಾಗಿನಲ್ಲಿದ್ದರೆ ಒಂದು ಪ್ರಾಮಾಣಿಕ ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ಅವುಗಳಿಂದ ಎಷ್ಟು ಒಳ್ಳೆಯ ಹೊಡೆತ ಬಂದಿದೆ? ನನ್ನದು ಎರಡು. ಅವುಗಳ ಜಾಗಕ್ಕೆ ಹೈಬ್ರಿಡ್ ಬಂತು, ಐದನೆಯದರ ಜಾಗಕ್ಕೂ ಬಂತು. ತಲೆ ದಪ್ಪ, ತಳ ಅಗಲ, ಎತ್ತರದ ಹುಲ್ಲಿನಲ್ಲೂ ಜಾರಿಕೊಂಡು ಹೋಗುತ್ತದೆ. ‘ಹೈಬ್ರಿಡ್ ಮುದುಕರದು’ ಎಂದು ನಗುವವರಿಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ತೋರಿಸಿ. ಟೋಕಿಯೋ ಒಲಿಂಪಿಕ್ಸಿನಲ್ಲಿ ತಾಯಿಯ ಹೆಗಲಿಗೆ ಬ್ಯಾಗ್ ಕೊಟ್ಟು ಆಡಿದ ಆ ಹುಡುಗಿ ನಾಲ್ಕನೆಯವಳಾಗಿ, ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡಳು. ಅವಳ ಡ್ರೈವ್ ಜೊತೆಗಾರ್ತಿಯರ ಚೆಂಡಿಗಿಂತ ಎಷ್ಟೋ ಹಿಂದೆ ಬೀಳುತ್ತಿತ್ತು. ಬೇರೆಯವರು ಐರನ್ ತೆಗೆಯುವ ಕಡೆ ಅವಳು ಹೈಬ್ರಿಡ್ಡೋ ಫೇರ್‌ವೇ ವುಡ್ಡೋ ತೆಗೆದು ಆಡಿದಳು. ಉಳಿದದ್ದನ್ನು ಪಟರ್ ನೋಡಿಕೊಂಡಿತು. ತನ್ನ ಅಂಕಿ ಏನೆಂದು ಗೊತ್ತಿದ್ದವಳು. ನಾವು ಅಷ್ಟು ಕಲಿತರೂ ಸಾಕು.

ಶಾಫ್ಟ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಅಂಗಡಿಯಲ್ಲಿ ನಾವೆಲ್ಲ ತಲೆಯನ್ನು ನೋಡಿ ಕೊಳ್ಳುತ್ತೇವೆ, ಆಟ ನಡೆಸುವುದರಲ್ಲಿ ಅರ್ಧ ಪಾಲು ಶಾಫ್ಟಿನದು. ನನ್ನ ಹಳೆಯ ಸ್ಟಿಫ್ ಸ್ಟೀಲ್ ಶಾಫ್ಟ್ ಒಂದೊಂದೂ 125 ಗ್ರಾಂ ಆಸುಪಾಸು. ಈಗಿನ ಗ್ರ್ಯಾಫೈಟ್ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಗುರಾದ್ದರಿಂದ ಬೀಸುವ ವೇಗ ತುಸು ಏರುತ್ತದೆ. ಅದಕ್ಕಿಂತ ದೊಡ್ಡ ಲಾಭ ಮೊಣಕೈಗೆ. ಗಟ್ಟಿ ನೆಲಕ್ಕೆ ಬಡಿದಾಗಿನ ಅದುರು ಮೇಲೆ ಬರುವುದು ಕಡಿಮೆ. ಶಾಫ್ಟಿನ ಮೇಲೆ ಎಸ್ ಎಂದರೆ ಸ್ಟಿಫ್, ಆರ್ ಎಂದರೆ ರೆಗ್ಯುಲರ್, ಎ ಎಂದರೆ ಸೀನಿಯರ್. ಆ ಎ ಅಕ್ಷರ ನೋಡಿದಾಗ ನನಗೆ ರೈಲ್ವೆ ಟಿಕೆಟಿನಲ್ಲಿ ಮೊದಲ ಸಲ ‘ಹಿರಿಯ ನಾಗರಿಕ’ ಎಂದು ಓದಿದಾಗ ಆದಷ್ಟೇ ಸಂಕಟವಾಯಿತು. ಆದರೆ 82 ಮೈಲಿ ವೇಗದ ಡ್ರೈವರಿಗೆ ಅದೇ ಸರಿ ಎಂದು ಯಂತ್ರ ಹೇಳಿತು. ಅಂಕಿಗಳನ್ನು ನೋಡಿ ಒಪ್ಪಿದೆ. ಒಂದು ಎಚ್ಚರಿಕೆ ಏನೆಂದರೆ, ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ನಷ್ಟು ಬಿಗಿ ಇರಬಹುದು. ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ. ಅಕ್ಷರ ನಂಬಬೇಡಿ, ಹೊಡೆದು ನೋಡಿ.

ಡ್ರೈವರಿನಲ್ಲಿ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರುವಂತಿಲ್ಲ ಎಂಬುದು ನಿಯಮ. ಹೆಚ್ಚಿನವೆಲ್ಲ ಆ ಮಿತಿಗೆ ಬಂದು ನಿಂತಿವೆ. ಹಾಗಾಗಿ ಹೋದ ವರ್ಷದ ಮಾದರಿಗೂ ಈ ವರ್ಷದ್ದಕ್ಕೂ ನಮ್ಮ ಕೈಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ಲಾಫ್ಟಿನಲ್ಲಿ. ನಿಧಾನವಾಗಿ ಬೀಸುವವರಿಗೆ ಲಾಫ್ಟ್ ಹೆಚ್ಚು ಬೇಕು. ಒಂಬತ್ತು ಡಿಗ್ರಿಯಿಂದ ಹನ್ನೆರಡಕ್ಕೆ ಹೋದ ದಿನವೇ ನನ್ನ ಚೆಂಡು ಗಾಳಿ ಕಂಡಿತು. ಹೊಸ ಮಾದರಿ ಬಂದ ಕೂಡಲೇ ಹಳೆಯದರ ಬೆಲೆ ಇಳಿಯುತ್ತದೆ, ಆಗ ಕೊಳ್ಳಿ.

ವೆಜ್ ಕೊಳ್ಳುವಾಗ ನಮ್ಮ ಹವೆಯನ್ನು ನೆನಪಿಡಿ. ವೆಜ್‌ನ ತಳ ದೋಣಿಯ ತಳದಂತೆ ಉಬ್ಬಿರುತ್ತದೆ, ಅದಕ್ಕೆ ಬೌನ್ಸ್ ಎನ್ನುತ್ತಾರೆ. ಮುಂಬಯಿ, ಪುಣೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ನೆಲ ಅಂಬಲಿಯ ಹಾಗೆ. ಬೌನ್ಸ್ ಕಡಿಮೆ ಇದ್ದರೆ ಕ್ಲಬ್ಬು ಗುದ್ದಲಿಯಂತೆ ಹೂತುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ನೆಲ ಕಾಂಕ್ರೀಟು. ಬೌನ್ಸ್ ಹೆಚ್ಚಿದ್ದರೆ ಕ್ಲಬ್ಬು ಪುಟಿದು ಚೆಂಡಿನ ನೆತ್ತಿಗೆ ಬಡಿಯುತ್ತದೆ. ನಾನು ಮರಳಿಗೂ ಮಳೆಗೂ ಬೌನ್ಸ್ ಹೆಚ್ಚಿರುವ 56, ಒಣ ನೆಲಕ್ಕೆ ಬೌನ್ಸ್ ಕಡಿಮೆ ಇರುವ 50 ಇಟ್ಟುಕೊಂಡಿದ್ದೇನೆ. ಚೆನ್ನೈ, ಹೈದರಾಬಾದಿನವರು, ದೆಹಲಿಯವರು ತಂತಮ್ಮ ನೆಲ ನೋಡಿ ತೀರ್ಮಾನಿಸಿ.

ಚೆಂಡಿನ ವಿಷಯದಲ್ಲಿ ನಿಯಮ ಸರಳ. ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಅದರೊಳಗೆ ಬೇಕಾದಷ್ಟು ಬಗೆ. ಮೇಲ್ಪದರ ಯುರೆಥೇನ್ ಆಗಿದ್ದರೆ ಗ್ರೀನಿನ ಹತ್ತಿರ ಚೆಂಡು ಹಿಡಿದು ನಿಲ್ಲುತ್ತದೆ, ಬೆಲೆ ಹೆಚ್ಚು. ಎರಡು ಪದರದ ಚೆಂಡು ಅಗ್ಗ, ಗಟ್ಟಿ, ಹೆಚ್ಚು ಓಡುತ್ತದೆ. ಯಾವುದಾದರೂ ಸರಿ, ಒಂದನ್ನೇ ಹಿಡಿದುಕೊಳ್ಳಿ. ಒಂದು ರೌಂಡಿನಲ್ಲಿ ನಾಲ್ಕು ಜಾತಿಯ ಚೆಂಡು ಆಡಿ, ‘ಪಟ್ ಯಾಕೋ ಇವತ್ತು ಸರಿ ಬರಲಿಲ್ಲ’ ಎಂದರೆ ಹೇಗೆ ಬಂದೀತು? ಕೆರೆಯಿಂದ ತೆಗೆದ ಚೆಂಡುಗಳನ್ನು ಮೈದಾನದ ಹುಡುಗರು ಮಾರುತ್ತಾರೆ. ಅಭ್ಯಾಸಕ್ಕೆ ಅಡ್ಡಿಯಿಲ್ಲ, ಪಂದ್ಯಕ್ಕೆ ಬೇಡ.

ಕೊನೆಗೆ ಗ್ರಿಪ್. ಯಾರೂ ಮಾತನಾಡದ, ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೇಗ ಫಲ ಕೊಡುವ ರಿಪೇರಿ. ಕರಾವಳಿಯ ಬೆವರಿಗೆ ಒಂದೆರಡು ವರ್ಷದಲ್ಲಿ ರಬ್ಬರ್ ಹೊಳಪು ಬಂದು ಗಟ್ಟಿಯಾಗುತ್ತದೆ. ಕೈ ಜಾರುತ್ತದೆಂದು ಬಿಗಿ ಹಿಡಿಯುತ್ತೇವೆ. ಬಿಗಿ ಹಿಡಿದರೆ ಭುಜ ಬಿಗಿಯುತ್ತದೆ. ನಾವು ಹೊಸ ಡ್ರೈವರ್ ಹುಡುಕುತ್ತೇವೆ! ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ. ಆಮೇಲೂ ಜಾರಿದರೆ ಬದಲಿಸಿ. ಬೆರಳಿನ ಸಂದಿಯಲ್ಲಿ ನೋವಿರುವವರು ಒಂದು ಗಾತ್ರ ದಪ್ಪದ್ದು ಹಾಕಿಸಿಕೊಳ್ಳಿ.

ಪಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ರೌಂಡಿನಲ್ಲಿ ಡ್ರೈವರ್ ಹಿಡಿಯುವುದು ಹದಿನಾಲ್ಕು ಸಲ, ಪಟರ್ ಮೂವತ್ತಕ್ಕೂ ಹೆಚ್ಚು ಸಲ. ದುಡ್ಡು ಮಾತ್ರ ಉಲ್ಟಾ ಹೋಗುತ್ತದೆ. ನಾನು ಹೊಸದಾಗಿ ಕೊಂಡಿದ್ದ ಪಟರ್ ಮಾರಿ, ಅಟ್ಟದ ಮೇಲಿದ್ದ ಹಳೆಯದನ್ನೇ ಅರ್ಧ ಇಂಚು ಕತ್ತರಿಸಿ, ಹೊಸ ಗ್ರಿಪ್ ಹಾಕಿಸಿಕೊಂಡೆ. ಉದ್ದ ಸರಿಯಾದ ಮೇಲೆ ಚೆಂಡಿನ ನೇರಕ್ಕೆ ಕಣ್ಣು ಬಂತು.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ ಎಂದು ಕೇಳುವವರು ಬಹಳ. ಖಂಡಿತ ಕೊಳ್ಳಬಹುದು. ಮುಖದ ಗೆರೆಗಳು ಸವೆದಿಲ್ಲವೇ, ಶಾಫ್ಟಿನಲ್ಲಿ ತುಕ್ಕೋ ಸೀಳೋ ಇದೆಯೇ ನೋಡಿ. ಆದರೆ ಹೊಚ್ಚ ಹೊಸ ಮಾದರಿ ಅರ್ಧ ಬೆಲೆಗೆ ಬಂದರೆ ಅನುಮಾನಪಡಿ. ನಕಲಿ ಮಾಲು ಬೇಕಾದಷ್ಟಿದೆ.

ಹಾಗಾದರೆ ಒಂದೇ ಸಾಲಿನ ಉತ್ತರ ಏನು? ಪುಣೆಯ ಮಿತ್ರರೇ, ಕಂಪನಿ ಯಾವುದಾದರೂ ಆಗಲಿ, ಮೊದಲು ನಿಮ್ಮನ್ನು ಅಳೆಸಿಕೊಳ್ಳಿ, ಆಮೇಲೆ ಕೊಳ್ಳಿ.

ಅಳತೆಗೆ ಯಂತ್ರವೇ ಬೇಕೆಂದಿಲ್ಲ. ರೇಂಜಿಗೆ ಹೋಗಿ ಏಳನೇ ನಂಬರಿನಿಂದ ಇಪ್ಪತ್ತು ಚೆಂಡು ಹೊಡೆಯಿರಿ. ಅತಿ ದೂರ ಹೋದ ಐದನ್ನು ಮರೆತುಬಿಡಿ. ಅವನ್ನೇ ನಾವು ಜೀವನಪೂರ್ತಿ ನೆನಪಿಟ್ಟುಕೊಳ್ಳುವುದು. ಅತಿ ಕೆಟ್ಟ ಐದನ್ನೂ ಬಿಡಿ. ನಡುವಿನ ಹತ್ತು ಎಲ್ಲಿ ಬಿದ್ದಿವೆಯೋ ಅದೇ ನೀವು. ಆಮೇಲೆ ನಿಮ್ಮ ಕ್ಯಾಡಿಯನ್ನು ಕರೆದು ‘ನಿಜ ಹೇಳಪ್ಪಾ, ನನ್ನ ಏಳು ಎಷ್ಟು ಹೋಗುತ್ತದೆ?’ ಎಂದು ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಇಲ್ಲದಿದ್ದರೆ ನಿಜ ಹೊರಗೆ ಬರುವುದಿಲ್ಲ.

ಹಳ್ಳಿಯಲ್ಲಿ ದಾಂಡು ಮುರಿದರೆ ಬೇಲಿಯಿಂದ ಕೊಂಬೆ ಕಡಿದು ತರುತ್ತಿದ್ದೆವು. ನನಗಿಂತ ದೊಡ್ಡವನಾದ ಅಣ್ಣ ಉದ್ದದ್ದು ಕಡಿಯುತ್ತಿದ್ದ, ನಾನು ಗಿಡ್ಡದ್ದು. ಅಣ್ಣನ ದಾಂಡು ನನಗೆ ಬೇಕೆಂದು ನಾನು ಯಾವತ್ತೂ ಅತ್ತಿರಲಿಲ್ಲ, ಅದರಲ್ಲಿ ಆಡಲು ಆಗುವುದಿಲ್ಲ ಎಂದು ಗೊತ್ತಿತ್ತು. ಎಂಟನೇ ವಯಸ್ಸಿನಲ್ಲಿ ಇದ್ದ ಆ ಬುದ್ಧಿ ಅರವತ್ತರಲ್ಲಿ ಎಲ್ಲಿ ಹೋಗಿತ್ತೋ!

ಬ್ಲೇಡ್ ಸೆಟ್ಟನ್ನು ಮಾರಲು ಮನಸ್ಸಾಗಲಿಲ್ಲ. ಕಾಕಾಗೆ ಕೊಟ್ಟೆ. ಸೋಮವಾರ ಮೈದಾನಕ್ಕೆ ರಜೆ, ಕ್ಯಾಡಿಗಳು ಆಡುವ ದಿನ. ಅಲ್ಲಿಯವರೆಗೆ ಕಾಕಾ ಆಡುತ್ತಿದ್ದದ್ದು ಏಳೇ ಕ್ಲಬ್ಬಿನಲ್ಲಿ. ಒಬ್ಬೊಬ್ಬ ಸಾಹೇಬರು ಬಿಟ್ಟ ಒಂದೊಂದು, ಒಂದಕ್ಕೊಂದು ಸಂಬಂಧವಿಲ್ಲದವು. ಆ ಏಳರಲ್ಲೇ ಅವರು ನನಗಿಂತ ಹತ್ತು ಹೊಡೆತ ಕಡಿಮೆ ಆಡುತ್ತಾರೆ. ಸೆಟ್ ಕೊಟ್ಟಾಗ ಒಂದೊಂದನ್ನೂ ಎತ್ತಿ ತೂಗಿ ನೋಡಿದರು. ಮೂರು, ನಾಲ್ಕು ಮತ್ತು ಐದನ್ನು ನನಗೇ ವಾಪಸು ಕೊಟ್ಟು, ‘ಇವು ನನಗೂ ಆಗುವುದಿಲ್ಲ ಸಾಹೇಬ್’ ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

ಈಗ ಆ ಪಾರ್ ತ್ರೀಯಲ್ಲಿ ನಾನು ನಂಬರ್ ಹೇಳುವುದಿಲ್ಲ. ‘ಎಷ್ಟಿದೆ ಕಾಕಾ?’ ಎನ್ನುತ್ತೇನೆ. ಅವರು ಬಾವುಟ ನೋಡಿ, ಗಾಳಿ ನೋಡಿ, ಕೊನೆಗೆ ನನ್ನ ಮುಖ ನೋಡಿ ಗಜ ಹೇಳುತ್ತಾರೆ. ಕೊಟ್ಟದ್ದನ್ನು ಹೊಡೆಯುತ್ತೇನೆ. ಕನ್ನಡಕ ಮತ್ತೆ ಲಾಕರಿನಲ್ಲೇ ಇದೆ.